ಹೆದ್ದಾರಿಯ ತುದಿಯೂ ಇತಿಹಾಸದ ಆಧಾರವೂ

ಸಂಖ್ಯೆಗಳಿಂದ ಗುರುತಿಸಲ್ಪಟ್ಟ ಹೆದ್ದಾರಿಗಳ ತುದಿಗಳನ್ನು ಹುಡುಕಿ, ನಕಾಶೆಯಲ್ಲಿ ಗುರುತಿಸಿ, ಅವುಗಳ ಛಾಯಾಚಿತ್ರ ತೆಗೆದಿಡುವುದು ಮೇಲ್ನೋಟಕ್ಕೆ ಕೇವಲ ವಿನೋದವೆಂದು ತೋರಬಹುದು. ಆದರೆ ಇತಿಹಾಸದ ವಿದ್ಯಾರ್ಥಿಗೆ ಇದು ಆಧಾರಗಳನ್ನು ಒರೆಗೆ ಹಚ್ಚುವ ಒಳ್ಳೆಯ ಅಭ್ಯಾಸವೆಂದು ನಾವು ಭಾವಿಸುತ್ತೇವೆ. ಅಮೆರಿಕದ ಪ್ರಸಿದ್ಧವಾದ 66ನೆಯ ಹೆದ್ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಆ ದೇಶದಲ್ಲಿ ಹೆದ್ದಾರಿಗಳಿಗೆ ಏಕರೂಪವಾದ ಸಂಖ್ಯೆಗಳು ದೊರೆತುದು 1926ರಲ್ಲಿ. ಪೂರ್ವ ಪಶ್ಚಿಮವಾಗಿ ಹರಿಯುವ ದಾರಿಗಳಿಗೆ ಸಮಸಂಖ್ಯೆ, ಉತ್ತರ ದಕ್ಷಿಣದವಕ್ಕೆ ವಿಷಮಸಂಖ್ಯೆ ಎಂಬುದು ಸಾಮಾನ್ಯ ನಿಯಮ. ಷಿಕಾಗೋದಿಂದ ಹೊರಟ 66ನೆಯ ಹೆದ್ದಾರಿ ಮೊದಲು ಲಾಸ್ ಏಂಜಲೀಸ್ ನಗರದ ಏಳನೆಯ ಬೀದಿಯೂ ಬ್ರಾಡ್‌ವೇಯೂ ಕೂಡುವಲ್ಲಿ ಮುಗಿಯುತ್ತಿದ್ದಿತು. 1936ರಲ್ಲಿ ಅದನ್ನು ಸಾಂಟಾ ಮೋನಿಕಾದವರೆಗೆ ಬೆಳೆಸಲಾಯಿತು. ಆದರೂ ಅದು ಕಡಲನ್ನು ಮುಟ್ಟಲಿಲ್ಲ. ಲಿಂಕನ್ ಮತ್ತು ಒಲಿಂಪಿಕ್ ಎಂಬ ಎರಡು ಬೀದಿಗಳ ಕೂಡುದಾರಿಯಲ್ಲಿ, ಇನ್ನೊಂದು ಸಂಖ್ಯಾಂಕಿತ ಹೆದ್ದಾರಿಯನ್ನು ಸೇರಿ ನಿಂತಿತು. 1964ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ತನ್ನ ಸಂಖ್ಯೆಗಳನ್ನು ಪುನರ್ವ್ಯವಸ್ಥೆಗೊಳಿಸಿದಾಗ ತುದಿಯು ಪಸಾಡಿನಾಕ್ಕೆ ಹಿಮ್ಮೆಟ್ಟಿತು. 1985ರಲ್ಲಿ 66 ಎಂಬ ಸಂಖ್ಯೆಯೇ ರದ್ದಾಯಿತು.

ಇಂದು ಪ್ರವಾಸಿಗಳು ಚಿತ್ರ ತೆಗೆಸಿಕೊಳ್ಳುವುದು ಸಾಂಟಾ ಮೋನಿಕಾದ ಕಡಲಕಟ್ಟೆಯ ಮೇಲಿರುವ ಫಲಕದ ಮುಂದೆ. ಅದನ್ನು ನಿಲ್ಲಿಸಿದುದು 2009ರಲ್ಲಿ, ಎಂದರೆ ಹೆದ್ದಾರಿ ಇಲ್ಲವಾದ 24 ವರ್ಷಗಳ ತರುವಾಯ! ಫಲಕವು ಜನರ ಭಾವನೆಗೆ ಸಾಕ್ಷಿಯೇ ಹೊರತು ಸ್ಥಳಕ್ಕಲ್ಲ. ನಿಜವಾದ ಕೂಡುದಾರಿಯಾದರೋ ನೋಡುವುದಕ್ಕೆ ನೀರಸವಾದುದು; ಅಲ್ಲಿ ನಿಲ್ಲುವವರು ವಿರಳ.

ನಮ್ಮ ದೇಶದಲ್ಲಿಯೂ ಇಂತಹುದು ನಡೆದಿದೆ. ಕಾರವಾರ, ಮಂಗಳೂರುಗಳ ಮೂಲಕ ಸಾಗುವ ಪಶ್ಚಿಮ ಕರಾವಳಿಯ ದಾರಿಯು ಹಿಂದೆ 17ನೆಯ ರಾಷ್ಟ್ರೀಯ ಹೆದ್ದಾರಿಯಾಗಿದ್ದು, ಪನ್ವೇಲಿನಲ್ಲಿ ಆರಂಭವಾಗಿ ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಮುಗಿಯುತ್ತಿದ್ದಿತು. 2010ರ ಪುನಸ್ಸಂಖ್ಯಾಕರಣದಲ್ಲಿ ಅದು, ಕಾಕತಾಳೀಯವಾಗಿ, 66ನೆಯದೇ ಆಯಿತು. ತೆಂಕಣ ತುದಿ ಕನ್ಯಾಕುಮಾರಿಗೆ ಸರಿಯಿತು. ಇಡಪ್ಪಳ್ಳಿಯ ನೆಲ ಕದಲಲಿಲ್ಲ. ಆದರೆ ಹಳೆಯ ನಕಾಶೆಯನ್ನೂ ಹೊಸ ನಕಾಶೆಯನ್ನೂ ಒಟ್ಟಿಗೆ ಹಿಡಿದವನಿಗೆ ಎರಡರಲ್ಲೊಂದು ತಪ್ಪೆಂದೇ ತೋರೀತು. ಎರಡೂ ತಮ್ಮ ತಮ್ಮ ಕಾಲಕ್ಕೆ ಸರಿಯೇ.

ಆದುದರಿಂದ ಇಂತಹ ಚಿತ್ರಸಂಗ್ರಹಕ್ಕೆ ತೊಡಗುವ ವಿದ್ಯಾರ್ಥಿಗಳು ಪ್ರತಿಯೊಂದು ಚಿತ್ರದೊಡನೆ ಅದನ್ನು ತೆಗೆದ ದಿನಾಂಕ, ಕೂಡುದಾರಿಯ ಹೆಸರು, ಕ್ಯಾಮರಾ ಮುಖಮಾಡಿದ ದಿಕ್ಕು ಇವನ್ನು ಬರೆದಿಡಬೇಕು. ಆ ಸ್ಥಳ ಯಾವ ವರ್ಷದಿಂದ ಯಾವ ವರ್ಷದವರೆಗೆ ತುದಿಯಾಗಿದ್ದಿತೆಂಬುದನ್ನು ಸರ್ಕಾರದ ಅಧಿಸೂಚನೆ, ಆಯಾ ಕಾಲದ ನಕಾಶೆಗಳಿಂದ ನಿಶ್ಚಯಿಸಿ ಬೇರೆಯಾಗಿ ನಮೂದಿಸಬೇಕು. ಕಂಬ ಕಿತ್ತುಹೋಗಿ ಬರಿಯ ಬೀದಿಯಷ್ಟೇ ಉಳಿದಿದ್ದರೆ ಆ ಬೀದಿಯ ಚಿತ್ರವನ್ನೇ ತೆಗೆದಿಡಬೇಕು.