ಬ್ಯಾಡ, ನಕೊ, ನಕ್ಕೊ

ಜಮಖಂಡಿ ತಾಲ್ಲೂಕಿನ ಹುನ್ನೂರಿನಲ್ಲಿ ಇನ್ನೊಂದು ರೊಟ್ಟಿ ಬಡಿಸಲು ಬಂದರೆ ಉಂಡವರು ‘ಬ್ಯಾಡ್ರಿ’ ಎನ್ನುತ್ತಾರೆ. ಬಾವಿಯ ಕಡೆ ಓಡುವ ಹುಡುಗನಿಗೆ ಹಿರಿಯರು ‘ಹೋಗಬ್ಯಾಡೋ’ ಎಂದು ಕೂಗುತ್ತಾರೆ. ಮೊದಲನೆಯದು ನಿರಾಕರಣೆ, ಎರಡನೆಯದು ಅಪ್ಪಣೆ. ಎರಡಕ್ಕೂ ಶಬ್ದ ಒಂದೇ: ‘ಬೇಕು’ ಎಂಬುದಕ್ಕೆ ಎದುರಾದ ‘ಬೇಡ’.

ಮಾಡಿಸುವ ಅಪ್ಪಣೆಗೆ ಕನ್ನಡದಲ್ಲಿ ಧಾತುವೇ ಸಾಕು: ಹೋಗು, ಮಾಡು. ತಡೆಯುವಾಗ ಅದು ನಡೆಯದು. ‘ಹೋಗುಬೇಡ’ ಎಂದು ಯಾರೂ ಅನ್ನುವುದಿಲ್ಲ. ‘ಹೋಗಲು’ ಎಂಬರ್ಥದ ‘ಹೋಗ’ ಎಂಬ ರೂಪಕ್ಕೆ ‘ಬೇಡ’ ಸೇರಬೇಕು. ‘ಬಾ’ ಕೂಡ ‘ಬರಬೇಡ’ ಆಗುತ್ತದೆ. ದೂರದ ಸ್ಪ್ಯಾನಿಷ್ ಭಾಷೆಯಲ್ಲೂ ಹೀಗೆಯೇ. ಅಲ್ಲಿ ‘ಬೆನ್’ ಎಂದರೆ ಬಾ. ಬರಬೇಡ ಎನ್ನಲು ‘ನೋ ಬೆನ್’ ಎಂದರೆ ತಪ್ಪು. ಕ್ರಿಯಾಪದವೇ ರೂಪ ಬದಲಿಸಿ ‘ನೋ ಬೆಂಗಾಸ್’ ಆಗುತ್ತದೆ. ಹಿಂದಿಗೆ ಈ ತೊಡಕಿಲ್ಲ. ‘ಜಾಓ’ ಎಂಬುದರ ಮುಂದೆ ‘ಮತ್’ ಇಟ್ಟರೆ ಮುಗಿಯಿತು.

ಹಿಂದಿಯ ಬಳಗದ್ದೇ ಆದ ಮರಾಠಿ ಮಾತ್ರ ಇಲ್ಲಿ ಕನ್ನಡದ ದಾರಿ ಹಿಡಿದಿದೆ. ರೊಟ್ಟಿ ಬೇಡವೆಂದರೂ ‘ನಕೊ’, ಹೋಗಬೇಡವೆಂದರೂ ‘ಜಾಊ ನಕೋಸ್’. ಗೌರವಕ್ಕೆ ಕನ್ನಡದಲ್ಲಿ ‘ಹೋಗಬ್ಯಾಡ್ರಿ’ ಎಂದರೆ ಮರಾಠಿಯಲ್ಲಿ ‘ಜಾಊ ನಕಾ’. ಶಬ್ದ ಬೇರೆ, ಕಟ್ಟು ಒಂದೇ. ದಖನಿ ಉರ್ದು ಮರಾಠಿಯಿಂದಲೇ ಈ ಶಬ್ದ ಪಡೆದು ‘ನಕ್ಕೊ’ ಎಂದಿತು. ಅದೂ ಒಲ್ಲೆ ಎನ್ನುವುದಕ್ಕೂ ತಡೆಯುವುದಕ್ಕೂ ಸಲ್ಲುತ್ತದೆ.

ಈ ಸೀಮೆಗೆ ಮೂರೂ ಮಾತುಗಳು ಹಳೆಯ ಪರಿಚಯ. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನವಾಗಿತ್ತು. ಬಳಿಕ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆಡಳಿತ ಬದಲಾದರೂ ಸಂತೆ, ನೇಕಾರಿಕೆ, ಬೀಗತನಗಳಲ್ಲಿ ಮಾತುಗಳ ಒಡನಾಟ ನಿಲ್ಲಲಿಲ್ಲ.

ಈ ‘ಬೇಡ’ಕ್ಕೆ ದೊಡ್ಡ ಪರಂಪರೆಯೂ ಇದೆ. ಇದೇ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದೊಂದಿಗೆ ಹೆಸರು ಬೆಸೆದ ಬಸವಣ್ಣನವರು 12ನೇ ಶತಮಾನದಲ್ಲಿ ಏಳು ನಿಷೇಧಗಳನ್ನು ಒಂದೇ ವಚನದಲ್ಲಿ ಹೇಳಿದಾಗ ಪ್ರತಿಯೊಂದನ್ನೂ ಈ ಶಬ್ದದಿಂದಲೇ ಮುಗಿಸಿದರು. ‘ಕೂಡದು’ ಎಂದರೆ ಕಟ್ಟಳೆ, ‘ಬಾರದು’ ಎಂದರೆ ರೂಢಿ. ‘ಬೇಡ’ ಎನ್ನುವಾಗ ಮಾತ್ರ ಎದುರಿಗೊಬ್ಬ ಮನುಷ್ಯನಿರುತ್ತಾನೆ. ಕಚೇರಿಯ ಫಲಕಗಳ ‘ನಿಷೇಧಿಸಲಾಗಿದೆ’ ಎಂಬುದರಲ್ಲಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಗಡಿಯ ಪ್ರಶ್ನೆ ಎದ್ದಾಗ ಎರಡೂ ಭಾಷೆಗಳನ್ನು ಎದುರುಬದುರು ನಿಲ್ಲಿಸುವುದುಂಟು. ಆದರೆ ಬಾವಿಯತ್ತ ಓಡುವ ಮಗುವನ್ನು ಎರಡೂ ಕಡೆಯವರು ತಡೆಯುವ ರೀತಿ ಒಂದೇ.