ಉಪ್ಪುಗಾಳಿಯ ಯೆಜ್ಡಿ

ಪ್ರಶ್ನೆ: ಅಜ್ಜಯ್ಯನ ಯೆಜ್ಡಿ ರೋಡ್‌ಕಿಂಗ್ ದುರಸ್ತಿ ಮಾಡಿಸುತ್ತಿದ್ದೇನೆ. ಸೈಲೆನ್ಸರ್ ಬದಲಿಸಿದರೆ ವೇಗ ಹೆಚ್ಚೀತೇ?
— ಓದುಗರೊಬ್ಬರು, ತ್ರಾಸಿ

ಉತ್ತರ: ಸಾಮಾನ್ಯವಾಗಿ ಇಲ್ಲ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಈ ಟೂ-ಸ್ಟ್ರೋಕ್ ಯಂತ್ರದಲ್ಲಿ, ಹೊಗೆಯ ದ್ವಾರ ತೆರೆದಿರುವಾಗಲೇ ನೂತನ ಇಂಧನಮಿಶ್ರಣವು ಒಳನುಗ್ಗಿ ಅದರಲ್ಲೊಂದಂಶ ಹೊರಜಾರುವುದರಿಂದ, ಸೈಲೆನ್ಸರಿನ ಗರ್ಭದಿಂದ ಮರಳುವ ಒತ್ತಡದ ಅಲೆಯೇ ಅದನ್ನು ಹಿಂದೂಡಬೇಕು. ಸೈಲೆನ್ಸರಿನ ಆಕೃತಿಯನ್ನು ಕೆಡಿಸಿದಲ್ಲಿ ಸದ್ದು ಹೆಚ್ಚೀತೇ ಹೊರತು ವೇಗವಲ್ಲ. ಸೌಪರ್ಣಿಕಾ ನದಿಗೂ ಸಮುದ್ರಕ್ಕೂ ನಡುವಣ ನಿಮ್ಮ ಸೀಮೆಯ ಉಪ್ಪುಗಾಳಿ ತುಕ್ಕು ಹಿಡಿಸುವುದರಿಂದ, ನನಗೆ ಆತಂಕವಿರುವುದು ಪೆಟ್ರೋಲ್ ಟ್ಯಾಂಕಿನ ಕುರಿತು: ಮುಚ್ಚಳ ತೆರೆದು ಟಾರ್ಚ್ ಹಾಯಿಸಿರಿ, ತಳದಲ್ಲಿ ತುಕ್ಕಿನ ಕೆಂಪು ಹುಡಿಯಿದ್ದರೆ ಅದು ಕಾರ್ಬ್ಯುರೇಟರಿನ ಸೂಕ್ಷ್ಮರಂಧ್ರವನ್ನು ಕಟ್ಟುವುದು ನಿಶ್ಚಯ. ಟ್ಯಾಂಕನ್ನು ತೊಳೆಸಿ, ಕ್ರ್ಯಾಂಕಿನ ಸೀಲುಗಳನ್ನು ಹೊಸದಾಗಿಸಿ, ಪೆಟ್ರೋಲಿಗೆ ಎಣ್ಣೆ ಬೆರೆಸಿದ ಬಳಿಕವೇ ಕಿಕ್ ಹೊಡೆಯಿರಿ. ಕಿಕ್ಕರೇ ಗೇರು ಹಾಕುವ ಸನ್ನೆಯೂ ಆಗುವ ಈ ಬೈಕಿನ ಚಮತ್ಕಾರವನ್ನು ಯಾರಿಗೂ ಬದಲಿಸಗೊಡಬೇಡಿರಿ.