ಶಾಂತಲೆ: ಶಾಸನದಲ್ಲಿರುವುದು, ಜನರ ಬಾಯಲ್ಲಿರುವುದು

ಶಾಂತಲದೇವಿ ಹೊಯ್ಸಳ ಅರಸ ವಿಷ್ಣುವರ್ಧನನ ಪಟ್ಟದರಸಿ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಮಗಳು ತಾಯಿಯ ಧರ್ಮ ಹಿಡಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರು. ಹಾಡು, ವಾದ್ಯ, ಕುಣಿತ ಮೂರರಲ್ಲೂ ಆಕೆ ನಿಪುಣೆ ಎಂದು ಶಾಸನಗಳು ಹೊಗಳುತ್ತವೆ.

ವಿಷ್ಣುವರ್ಧನ ವೈಷ್ಣವನಾದ ಮೇಲೆ ಜೈನರಿಗೆ ಉಳಿಗಾಲವಿರಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಆದರೆ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಾಗಿ ಆರು ವರ್ಷಕ್ಕೆ, 1123ರಲ್ಲಿ, ಪಟ್ಟದರಸಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿ ಕಟ್ಟಿಸಿ ಮೊಟ್ಟೆನವಿಲೆ ಎಂಬ ಊರನ್ನು ದತ್ತಿ ಬಿಟ್ಟಳು. ಸವತಿಯರ ಪಾಲಿಗೆ ಮದಗಜ ಎಂಬ ಆಕೆಯ ಬಿರುದಿನಿಂದಲೇ ಅದು ಸವತಿಗಂಧವಾರಣ ಬಸದಿ. ಎಂಥ ಗತ್ತಿನ ಹೆಸರು! ಬೇಲೂರಿನ ಗುಡಿಯ ಆವರಣದಲ್ಲೇ ಇರುವ ಕಪ್ಪೆ ಚೆನ್ನಿಗರಾಯನ ಗುಡಿಯೂ ಇದೇ ಜೈನ ರಾಣಿ ಕಟ್ಟಿಸಿದ್ದು.

ಬೇಲೂರಿನ ಗುಡಿಯಲ್ಲಿರುವ ದರ್ಪಣಸುಂದರಿ ಎಂಬ ಮದನಿಕೆಯ ಶಿಲ್ಪವನ್ನು ತೋರಿಸಿ ‘ಇವಳೇ ಶಾಂತಲೆ’ ಎನ್ನುವುದು ರೂಢಿ. ಅಲ್ಲಿನ ಮದನಿಕೆಯರ ಪೀಠಗಳಲ್ಲಿ ಕೆಲವು ಕಡೆ ಅಕ್ಷರಗಳಿವೆ, ನಿಜ. ಅವು ಕೆತ್ತಿದ ರೂವಾರಿಗಳ ಹೆಸರು, ಬಿರುದು, ಊರು. ರಾಣಿಯ ಹೆಸರಲ್ಲ.

ಇದಕ್ಕಿಂತ ಬಲವಾಗಿ ಬೇರೂರಿದ್ದು ಶಿವಗಂಗೆಯ ಕತೆ. ಮಕ್ಕಳಿಲ್ಲದ ರಾಣಿ, ಅರಸನಿಗೆ ತಾನು ಅಡ್ಡಿಯಾಗಬಾರದೆಂದು ಬೆಟ್ಟದ ತುದಿಯಿಂದ ಹಾರಿಕೊಂಡಳಂತೆ. ಬೆಟ್ಟ ಹತ್ತಿದವರಿಗೆ ಆ ಜಾಗವನ್ನೂ ತೋರಿಸುತ್ತಾರೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದು ದಿಟ. ಶ್ರವಣಬೆಳಗೊಳದ ಶಾಸನ ತಿಥಿವಾರ ಸಮೇತ ಅದನ್ನು ದಾಖಲಿಸಿದೆ. ಆದರೆ ಅದೇ ಕಲ್ಲನ್ನು ಕೊನೆಯವರೆಗೂ ಓದಬೇಕು. ಮಗಳ ವಿಷಯದಲ್ಲಿ ಅದು ಹೇಳುವುದು ಇಷ್ಟೇ: ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಕ್ಕೆ ಸಂದಳು. ಮುಂದೆ ತಾಯಿಯ ಸರದಿ ಬಂದಾಗ ಬರೆದವನ ಕೈ ಧಾರಾಳವಾಗುತ್ತದೆ. ಮಗಳೇ ಹೋದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು, ಸನ್ಯಸನ ಕೈಗೊಂಡಳು, ಅರೆಮುಚ್ಚಿದ ಕಣ್ಣಲ್ಲಿ ಪಂಚಪದ ಜಪಿಸುತ್ತ ಒಂದು ತಿಂಗಳು ಉಪವಾಸವಿದ್ದು ಸಮಾಧಿ ಹೊಂದಿದಳು.

ತಾಯಿಯ ಸಾವಿನ ಬಗೆಯನ್ನು ಹೀಗೆ ಎಳೆಎಳೆಯಾಗಿ ಬಿಡಿಸಿದ ಕವಿ ಮಗಳ ಸಾವಿನ ಬಗೆಯನ್ನು ಹೇಳಿಯೇ ಇಲ್ಲ. ಓದುಗರು ಎಡವುವುದು ಇಲ್ಲೇ. ಆ ಮೌನದೊಳಗೆ ಒಬ್ಬರು ಬೆಟ್ಟದಿಂದ ಹಾರುವುದನ್ನು ತುಂಬುತ್ತಾರೆ, ಇನ್ನೊಬ್ಬರು ಸಲ್ಲೇಖನವನ್ನು, ಅಂದರೆ ತಾಯಿಯಂತೆ ಉಪವಾಸವಿದ್ದು ಪ್ರಾಣ ಬಿಡುವ ವ್ರತವನ್ನು. ಜಿನಭಕ್ತೆಗೆ ಸಲ್ಲೇಖನ ಕೀರ್ತಿಯ ಸಂಗತಿ. ಮಗಳೂ ಅದನ್ನು ಕೈಗೊಂಡಿದ್ದರೆ ತಾಯಿಯ ವ್ರತವನ್ನು ಅಷ್ಟು ಅಕ್ಕರೆಯಿಂದ ಬಣ್ಣಿಸಿದವನು ಬಿಡುತ್ತಿದ್ದನೇ? ಹಾರಿಕೊಂಡಳೆನ್ನುವುದಕ್ಕೆ ಆ ಶಾಸನದಲ್ಲಿ ಒಂದಕ್ಷರದ ಆಧಾರವೂ ಇಲ್ಲ. ವಿಷ್ಣುವರ್ಧನನ ನಂತರ ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ ಎಂಬ ಸಂಗತಿಯೇ ಆ ಕರುಣಕತೆಗೆ ಬೀಜವಾಗಿರಬೇಕು ಎಂದು ನನಗನಿಸುತ್ತದೆ.

ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಈ ರಾಣಿಯನ್ನು ಮನೆಮನೆಗೆ ತಲುಪಿಸಿದವು. ಅವನ್ನು ಕಾದಂಬರಿಗಳಾಗಿಯೇ ಓದಿ ಸುಖಿಸಿ. ಜೊತೆಗೆ ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟವನ್ನೂ ತೆರೆಯಿರಿ; ಶ್ರವಣಬೆಳಗೊಳದ ಶಾಸನಗಳು ಅದರಲ್ಲಿವೆ. ಹಳಗನ್ನಡವೆಂದು ಹೆದರಬೇಡಿ: ಮೊದಲು ಬಿರುದುಗಳ ಸಾಲು, ಆಮೇಲೆ ದಾನ, ಕಾಲ, ಕೊನೆಗೆ ದಾನ ಕೆಡಿಸಿದವರಿಗೆ ಶಾಪ. ಈ ಕ್ರಮ ಹಿಡಿದರೆ ದಾರಿ ಸಿಗುತ್ತದೆ. ನಮ್ಮ ಕಾಲೇಜು ಹುಡುಗಿಯರು ಗುಂಪು ಕಟ್ಟಿಕೊಂಡು ಈ ಶಾಸನಗಳನ್ನು ಓದಲಿ. ದತ್ತಿ ಬಿಟ್ಟ, ಬಸದಿ ಕಟ್ಟಿಸಿದ ಇನ್ನೆಷ್ಟೋ ಹೆಣ್ಣುಮಕ್ಕಳ ಹೆಸರುಗಳು ಅದೇ ಸಂಪುಟದಲ್ಲಿವೆ.